ಮರದ ಕೆಳಗಿನ ಫರ್ನ್‌ಗಳ ಅಂಚು ಸುಟ್ಟುಹೋಗುತ್ತಿದೆ, ತೊಂದರೆ ಜಾಗದ್ದಾ, ನೀರಿನದ್ದಾ?

ಹಸಿರಂಗಳ:

ಎಲ್ಲರಿಗೂ ನಮಸ್ಕಾರ. ಮನೆಯ ಪಕ್ಕದಲ್ಲಿ ಒಂದು ದೊಡ್ಡ ಮರ ಇದೆ. ಅದರ ಬುಡದಿಂದ ಕಾಂಪೌಂಡ್ ಗೋಡೆಯವರೆಗೆ ದಿನವಿಡೀ ನೆರಳು, ಹೂವಿನ ಗಿಡ ಯಾವುದು ಹಾಕಿದರೂ ಸೊರಗಿ ಉದ್ದುದ್ದ ಬೆಳೆಯುತ್ತದೆಯೇ ಹೊರತು ಮೊಗ್ಗು ಬಿಡುವುದಿಲ್ಲ. ಹಾಗಾಗಿ ಆ ಜಾಗವನ್ನು ಪೂರ್ತಿ ಫರ್ನ್‌ಗಳಿಗೇ, ಅಂದರೆ ಜರೀಗಿಡಗಳಿಗೇ ಬಿಡೋಣ ಅಂತ ಮೂರು ಬಗೆ ನೆಟ್ಟಿದ್ದೇನೆ. ಮರದ ಬುಡದ ಹತ್ತಿರ ಮೇಡನ್‌ಹೇರ್, ನಡುವೆ ಬೋಸ್ಟನ್ ಫರ್ನ್, ಗೋಡೆ ಪಕ್ಕ ಬರ್ಡ್ಸ್ ನೆಸ್ಟ್.

ಈಗಿನ ಸ್ಥಿತಿ ಹೀಗಿದೆ. ಮೇಡನ್‌ಹೇರ್ ಎಲೆಗಳು ಮುದುಡಿ ಪುಡಿಪುಡಿ ಆಗುತ್ತಿವೆ. ಬೋಸ್ಟನ್ ಬದುಕಿದೆ, ಆದರೆ ಗರಿಗಳ ತುದಿ ಕಂದು, ಜೊತೆಗೆ ದಾರದಂಥ ಎಳೆಗಳನ್ನು ಎಲ್ಲ ಕಡೆ ಬಿಡುತ್ತಿದೆ. ಬರ್ಡ್ಸ್ ನೆಸ್ಟ್ ಎಲೆಗಳಲ್ಲಿ ನಡುದಿಂಡಿನಿಂದ ಅಂಚಿನ ಕಡೆಗೆ ಕಪ್ಪು ಪಟ್ಟೆಗಳು ಬಂದಿವೆ. ಇನ್ನೊಂದು ವಿಷಯ, ಬೋಸ್ಟನ್ ಗರಿಗಳ ಹಿಂಬದಿಯಲ್ಲಿ ಸಾಲುಸಾಲಾಗಿ ಕಂದು ಚುಕ್ಕೆಗಳಿವೆ. ಹುಳ ಇರಬೇಕು, ಔಷಧಿ ಹೊಡೆಯಿರಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ, ನಾನಿನ್ನೂ ಹೊಡೆದಿಲ್ಲ.

ನೀರು ದಿನಾ ಹಾಕುತ್ತೇನೆ. ನೆರಳಿನ ಗಿಡಕ್ಕೆ ನೆರಳು ಕೊಟ್ಟ ಮೇಲೂ ಯಾಕೆ ಹೀಗೆ? ಯಾವುದನ್ನು ಎಲ್ಲಿ ಇಡಬೇಕು ಅಂತ ಗೊತ್ತಿದ್ದವರು ಹೇಳಿ.


ತರಗೆಲೆ:

ಹಸಿರಂಗಳ ಅವರೇ, ಔಷಧಿ ಮಾತ್ರ ಸದ್ಯಕ್ಕೆ ಬೇಡ. ಫರ್ನ್‌ಗಳ ಎಳೆ ಗರಿಗೆ ಎಣ್ಣೆ, ಸೋಪಿನ ದ್ರಾವಣ, ಕೀಟನಾಶಕ ಯಾವುದೂ ಅಷ್ಟಾಗಿ ಆಗಿಬರುವುದಿಲ್ಲ. ಬೇರೆ ಗಿಡಗಳಿಗೆ ಹೊಡೆಯುವ ಪ್ರಮಾಣದಲ್ಲೇ ಹೊಡೆದರೆ ಹುಳಕ್ಕಿಂತ ಮೊದಲು ಗರಿಯೇ ಸುಡಬಹುದು. ಚುಕ್ಕೆಗಳ ವಿಷಯ ಬೇರೆಯವರು ಹೇಳುತ್ತಾರೆ, ನಾನು ಜಾಗದ ಬಗ್ಗೆ ಬರೆಯುತ್ತೇನೆ. ಏಕೆಂದರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ.

ನೆರಳು ಅಂದರೆ ತಂಪು, ತಂಪು ಅಂದರೆ ತೇವ ಅಂತ ನಾವು ಅಂದುಕೊಳ್ಳುತ್ತೇವೆ. ದೊಡ್ಡ ಮರದ ಬುಡದಲ್ಲಿ ಹಾಗಿರುವುದಿಲ್ಲ. ಮರದ ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಆಳದಲ್ಲಿಲ್ಲ, ಮೇಲಿನ ಒಂದು ಒಂದೂವರೆ ಅಡಿಯ ಮಣ್ಣಿನಲ್ಲೇ ಹರಡಿರುತ್ತವೆ. ಫರ್ನ್ ಬೇರೂ ಅಲ್ಲೇ. ನೀವು ಬಕೆಟ್ ನೀರು ಸುರಿದರೆ ಮರವೇ ಮೊದಲು ಕುಡಿಯುತ್ತದೆ. ಮಳೆ ಬಂದರೂ ಸಣ್ಣ ಮಳೆಯೆಲ್ಲ ಎಲೆಗಳ ಮೇಲೇ ನಿಂತು ಆವಿಯಾಗುತ್ತದೆ, ಬುಡದ ಮಣ್ಣಿಗೆ ಬೀಳುವುದು ಸ್ವಲ್ಪವೇ. ಗೋಡೆಯ ಪಕ್ಕವೂ ಹೀಗೇ, ಮಳೆ ಬರುವ ದಿಕ್ಕಿಗೆ ಗೋಡೆ ಅಡ್ಡ ಇದ್ದರೆ ಅದರ ಮರೆಯ ಮಣ್ಣು ಒಣಗಿಯೇ ಇರುತ್ತದೆ. ಮೇಲ್ಮೈ ಒದ್ದೆ ಕಾಣುತ್ತದೆ, ನಾಲ್ಕು ಬೆರಳು ಕೆಳಗೆ ಅಗೆದರೆ ಧೂಳು. ಒಮ್ಮೆ ನೀರು ಹಾಕಿ ಒಂದು ಗಂಟೆ ಬಿಟ್ಟು ಅಗೆದು ನೋಡಿ, ಇದು ಸರಿಯೋ ತಪ್ಪೋ ನಿಮಗೇ ಗೊತ್ತಾಗುತ್ತದೆ.

ಬೆಳಕನ್ನೂ ನೋಡಿ. ಫರ್ನ್‌ಗೆ ಬೇಕಿರುವುದು ಕತ್ತಲೆಯಲ್ಲ, ಎಲೆಗಳ ನಡುವೆ ಸೋಸಿ ಬರುವ ಬೆಳಕು. ಮಧ್ಯಾಹ್ನ ಒಂದು ಬಿಳಿ ಹಾಳೆ ಇಟ್ಟು ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಕೈಯ ನೆರಳು ಕಡುಕಪ್ಪಾಗಿ, ಅಂಚು ಚೂಪಾಗಿ ಬಿದ್ದರೆ ಬಿಸಿಲು ಜಾಸ್ತಿ. ಆಕಾರ ತಿಳಿಯುವಷ್ಟು ಮಸುಕಾಗಿ ಬಿದ್ದರೆ ಸರಿಯಾಗಿದೆ. ನೆರಳೇ ಬೀಳದಿದ್ದರೆ ಅಲ್ಲಿ ಫರ್ನ್ ಕೂಡ ಸುಮ್ನೆ ದಿನ ದೂಡುತ್ತದೆ, ಬೆಳೆಯುವುದಿಲ್ಲ. ಅಂಥ ಕಡೆ ಮರದ ಕೆಳಗಿನ ಒಂದೆರಡು ಕೊಂಬೆ ಸವರಿದರೆ ಸಾಕು, ಬಹಳ ವ್ಯತ್ಯಾಸ ಆಗುತ್ತದೆ.

ಈಗ ಜಾಗ ಬದಲಿಸುವುದು. ಮೂರರಲ್ಲಿ ಒಣಗಿದ ಮಣ್ಣನ್ನು ಒಂದಿಷ್ಟೂ ಸಹಿಸದ ಗಿಡವೇ ಮೇಡನ್‌ಹೇರ್, ಅದನ್ನೇ ನೀವು ಮರದ ಬಾಯಿಗೆ ಕೊಟ್ಟಿದ್ದೀರಿ. ಅದನ್ನು ಗೋಡೆ ಪಕ್ಕ ತನ್ನಿ, ಆದರೆ ಮಳೆಯ ಮರೆಯ ಕಡೆ ಅಲ್ಲ. ಹೊರಗೆ ಹೆಚ್ಚಾಗಿ ಬೆಳೆಯುವ ಮೇಡನ್‌ಹೇರ್, ಅಂದರೆ ಆಡಿಯಾಂಟಮ್ ಕ್ಯಾಪಿಲಸ್ ವೆನೆರಿಸ್, ಕಾಡಿನಲ್ಲೂ ನೀರು ಜಿನುಗುವ ಸುಣ್ಣಕಲ್ಲಿನ ಸಂದುಗಳಲ್ಲಿ ಬೆಳೆಯುತ್ತದೆ. ಗೋಡೆಯ ಗಾರೆಯಿಂದ ಮಣ್ಣಿಗೆ ಇಳಿಯುವ ಸುಣ್ಣದಂಶ ಬೇರೆ ಹಲವು ಫರ್ನ್‌ಗಳಿಗೆ ಅಷ್ಟು ಹಿಡಿಸುವುದಿಲ್ಲ, ಇದಕ್ಕೆ ತೊಂದರೆಯಿಲ್ಲ. ಒಣಗಿದ ಗರಿಗಳನ್ನು ಬುಡಕ್ಕೆ ಸಮನಾಗಿ ಕತ್ತರಿಸಿಬಿಡಿ, ಮಣ್ಣು ತೇವ ಇಡಿ. ಮಣ್ಣೊಳಗಿನ ಕಾಂಡ ಜೀವ ಹಿಡಿದಿದ್ದರೆ ಸುರುಳಿ ಚಿಗುರು ಮತ್ತೆ ಏಳುತ್ತದೆ. ಮುದುಡಿದ ಗರಿ ಮಾತ್ರ ಎಷ್ಟು ನೀರು ಹಾಕಿದರೂ ವಾಪಸ್ ಬರುವುದಿಲ್ಲ, ಅದಕ್ಕಾಗಿ ಕಾಯಬೇಡಿ.

ಮರದ ಬುಡಕ್ಕೆ ಹಾಲಿ (holly) ಫರ್ನ್ ಅನ್ನುವ ಇನ್ನೊಂದು ಬಗೆ ಹಾಕಿ ನೋಡಿ. ಎಲೆ ದಪ್ಪ, ಚರ್ಮದ ಹಾಗೆ ಹೊಳೆಯುತ್ತದೆ, ಒಣ ಗಾಳಿಯನ್ನೂ ಕಡಿಮೆ ಬೆಳಕನ್ನೂ ತಡೆಯುತ್ತದೆ. ಬೋಸ್ಟನ್ ಕೂಡ ಅಲ್ಲಿ ನಿಲ್ಲಬಹುದು, ಆದರೆ ನೀವು ಹೇಳಿದ ಆ ದಾರದಂಥ ಎಳೆಗಳೇ ಅದರ ಹರಡುವ ದಾರಿ. ಆ ಎಳೆಗಳ ಮೇಲೇ ಹೊಸ ಗಿಡಗಳು ಹುಟ್ಟುತ್ತವೆ. ಬೇಡವಾದರೆ ಕುಂಡದಲ್ಲೇ ಇಡಿ.

ಒಂದು ಎಚ್ಚರಿಕೆ, ಮರದ ಬುಡದಲ್ಲಿ ಬೇರು ಅಡ್ಡ ಬರುತ್ತದೆ ಅಂತ ಒಂದಡಿ ಮಣ್ಣು ಪೇರಿಸಿ ಅದರಲ್ಲಿ ನೆಡುವವರಿದ್ದಾರೆ. ಮರದ ಬೇರಿಗೆ ಉಸಿರು ಕಟ್ಟುತ್ತದೆ, ತೊಗಟೆ ಕೊಳೆಯುತ್ತದೆ. ಬದಲಿಗೆ ದಪ್ಪ ಬೇರುಗಳ ನಡುವಿನ ಸಂದು ಹುಡುಕಿ, ಅಲ್ಲಿ ಸಣ್ಣ ಕುಂಡವನ್ನೇ ಕತ್ತಿನವರೆಗೆ ಹೂತು, ಅದರೊಳಗೆ ಫರ್ನ್ ಇಡಿ. ಒಂದಷ್ಟು ಕಾಲ ಮರದ ಬೇರಿನಿಂದ ಅದರ ನೀರು ಉಳಿಯುತ್ತದೆ. ಆಗಾಗ ಕುಂಡ ಎತ್ತಿ ತಳದ ತೂತಿನೊಳಗೆ ಬೇರು ನುಗ್ಗಿದೆಯಾ ನೋಡುತ್ತಿರಬೇಕು, ಅಷ್ಟೆ.


ಮಂಜುಹನಿ:

ಇಷ್ಟೆಲ್ಲ ಯಾಕೆ, ಫರ್ನ್‌ಗೆ ಗಾಳಿಯಲ್ಲಿ ತೇವ ಬೇಕು. ಬೆಳಿಗ್ಗೆ ಸಂಜೆ ಸ್ಪ್ರೇ ಬಾಟಲಿಯಿಂದ ಎಲೆಗಳ ಮೇಲೆ ನೀರು ಚಿಮುಕಿಸಿ, ಅಂಚು ಸುಡುವುದು ನಿಲ್ಲುತ್ತದೆ. ನಾನು ಮಾಡುವುದು ಅಷ್ಟೇ, ನನ್ನವು ಚೆನ್ನಾಗಿವೆ.


ಗೂಡುಗಿಡ:

ಮಂಜುಹನಿ ಅವರ ಮಾತನ್ನು ಒಪ್ಪುವುದು ಕಷ್ಟ. ಅದರಲ್ಲೂ ಹಸಿರಂಗಳ ಅವರ ಬರ್ಡ್ಸ್ ನೆಸ್ಟ್‌ಗೆ ಅದು ಅಪಾಯ. ಚಿಮುಕಿಸಿದ ನೀರು ಬೇಗ ಆರುತ್ತದೆ, ಗಾಳಿಯ ತೇವ ಮತ್ತೆ ಮೊದಲಿನಷ್ಟಕ್ಕೇ ಬರುತ್ತದೆ. ನಿಮ್ಮವು ಚೆನ್ನಾಗಿದ್ದರೆ ಮಣ್ಣು, ಜಾಗ ಚೆನ್ನಾಗಿರಬೇಕು, ಬಾಟಲಿಗೆ ಸುಮ್ನೆ ಹೆಸರು ಬಂತು ಅಷ್ಟೆ! ಗಾಳಿಯಲ್ಲಿ ತೇವ ನಿಲ್ಲಬೇಕಾದರೆ ಗಿಡಗಳನ್ನು ಒತ್ತೊತ್ತಾಗಿ ಗುಂಪಾಗಿ ಇಡಬೇಕು, ನೆಲದ ಮೇಲೆ ತರಗೆಲೆ ಹೊದಿಸಿ ಆ ಹೊದಿಕೆಯನ್ನು ಒದ್ದೆ ಇಡಬೇಕು, ಬೀಸುಗಾಳಿಗೆ ಏನಾದರೂ ಅಡ್ಡ ಇರಬೇಕು.

ಈಗ ಕಪ್ಪು ಪಟ್ಟೆ. ಬರ್ಡ್ಸ್ ನೆಸ್ಟ್ ಎಲೆಯ ನರಗಳು ನಡುದಿಂಡಿನಿಂದ ಅಂಚಿನವರೆಗೆ ಒಂದರ ಪಕ್ಕ ಒಂದು ಸಮಾನಾಂತರವಾಗಿ ಓಡುತ್ತವೆ. ಕಪ್ಪು ಬಣ್ಣ ಆ ನರಗಳ ನಡುವೆಯೇ, ಗೆರೆ ಹಾಕಿದ ಹಾಗೆ ನಿಂತಿದ್ದರೆ ಎಲೆ ನೆಮಟೋಡ್ ಇರುವ ಸಂಭವ ಜಾಸ್ತಿ. ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು, ಎಲೆಯೊಳಗೆ ವಾಸ. ನರ ದಾಟುವುದು ಅವಕ್ಕೆ ಕಷ್ಟ, ಅದಕ್ಕೇ ಪಟ್ಟೆ. ಅದೇ ಕಲೆ ದುಂಡಗೆ, ನೀರು ಹೀರಿಕೊಂಡ ಹಾಗೆ ಪಾರದರ್ಶಕವಾಗಿ ಶುರುವಾಗಿದ್ದರೆ ಅದು ಬ್ಯಾಕ್ಟೀರಿಯಾ ರೋಗ ಇರಬಹುದು.

ಪರೀಕ್ಷೆ ಮಾಡಬೇಕು ಅಂತಿದ್ದರೆ, ಕಪ್ಪಾದ ಭಾಗವೂ ಪಕ್ಕದ ಹಸಿರೂ ಸೇರಿದಂತೆ ಒಂದು ತುಂಡು ಕತ್ತರಿಸಿ, ಚೂರು ಮಾಡಿ ಸ್ವಲ್ಪ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ನೀರನ್ನು ಒಳ್ಳೆಯ ಮಸೂರದಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಕೂದಲಿಗಿಂತ ಸಣ್ಣ ಎಳೆಗಳು ಒದ್ದಾಡುವುದು ಕಾಣುತ್ತದೆ. ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಸರಿ.

ಈ ಎರಡೂ ಹರಡುವುದು ಎಲೆಯ ಮೇಲಿನ ನೀರಿನಿಂದ. ಒದ್ದೆ ಎಲೆಯ ಮೇಲೆ ನೆಮಟೋಡ್ ಈಜಿಕೊಂಡು ಪಕ್ಕದ ಎಲೆಗೆ ಹೋಗುತ್ತದೆ, ನೀರು ಚಿಮ್ಮಿದರೆ ಪಕ್ಕದ ಗಿಡಕ್ಕೂ ಹೋಗುತ್ತದೆ. ಆದ್ದರಿಂದ ಪೈಪಿನಿಂದ ಮೇಲಿಂದ ನೀರು ಹೊಡೆಯುವುದು ನಿಲ್ಲಿಸಿ. ಪಟ್ಟೆ ಬಂದ ಎಲೆಗಳನ್ನು ಬುಡದಿಂದ ಕತ್ತರಿಸಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕತ್ತರಿಯನ್ನು ಒರೆಸಿ ಸ್ಪಿರಿಟ್ ಹಚ್ಚಿ. ಎಲ್ಲ ಎಲೆಗಳಿಗೂ ಬಂದಿದ್ದರೆ ಗಿಡವನ್ನೇ ತೆಗೆಯುವುದು ಜಾಣತನ, ಮನೆಯಲ್ಲಿ ಇದಕ್ಕೆ ನಂಬಿಕೆಯ ಔಷಧಿ ಇಲ್ಲ.

ಬೋಸ್ಟನ್ ಗರಿಯ ಹಿಂದಿನ ಚುಕ್ಕೆ ಹುಳವಲ್ಲ. ಫರ್ನ್ ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಆ ಚುಕ್ಕೆಗಳಲ್ಲೇ ಬೀಜಾಣುಗಳು ತಯಾರಾಗುವುದು. ಪ್ರತಿ ಬಗೆಗೂ ಅದರದೇ ವಿನ್ಯಾಸ ಇದೆ. ಬೋಸ್ಟನ್ ಜಾತಿಯಲ್ಲಿ ಕಿರುಎಲೆಯ ಎರಡೂ ಅಂಚಿನ ಹತ್ತಿರ ಸಾಲು ಚುಕ್ಕೆ. ಬರ್ಡ್ಸ್ ನೆಸ್ಟ್‌ನಲ್ಲಿ ನರದ ಉದ್ದಕ್ಕೂ ಕಂದು ಗೆರೆಗಳು. ಇದನ್ನು ರೋಗದ ಪಟ್ಟೆ ಅಂದುಕೊಳ್ಳಬೇಡಿ, ಇದು ಹಿಂಬದಿಯಲ್ಲಿ ಮಾತ್ರ ಇರುತ್ತದೆ, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಮೇಡನ್‌ಹೇರ್‌ನಲ್ಲಿ ಕಿರುಎಲೆಯ ಅಂಚೇ ಕೆಳಕ್ಕೆ ಮಡಚಿಕೊಂಡು ಅದರಡಿ ಬಚ್ಚಿಟ್ಟಿರುತ್ತದೆ. ಚಿಪ್ಪಿನ ಹಾಗೆ ಗಿಡಕ್ಕೆ ಅಂಟಿ ಕೂರುವ ನಿಜವಾದ ಶಲ್ಕ ಕೀಟ ಇಷ್ಟು ಶಿಸ್ತಿನಲ್ಲಿ ಕೂರುವುದಿಲ್ಲ. ಅದು ದಂಟಿನ ಮೇಲೂ ಇರುತ್ತದೆ, ಎಲ್ಲೆಂದರಲ್ಲಿ ಇರುತ್ತದೆ, ಉಗುರಿನಿಂದ ಕೆರೆದರೆ ಇಡಿಯಾಗಿ ಎದ್ದು ಬರುತ್ತದೆ, ಕೆಲವು ಬಗೆಯದಾದರೆ ಎಲೆಯೆಲ್ಲ ಅಂಟಂಟೂ ಆಗಿರುತ್ತದೆ.


ಹಸಿರಂಗಳ:

ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ನೀರು ಹಾಕಿ ಅಗೆದು ನೋಡಿದೆ, ಮರದ ಹತ್ತಿರ ಬೆರಳುದ್ದ ಕೆಳಗೆ ಪೂರ್ತಿ ಒಣ, ಬರೀ ಬೇರಿನ ಜಾಲ. ಬರ್ಡ್ಸ್ ನೆಸ್ಟ್ ಪಟ್ಟೆಗಳು ಸರಿಯಾಗಿ ನರಗಳ ನಡುವೆಯೇ ಇವೆ, ಕೆಳಗಿನ ಎಲೆಗಳಲ್ಲಿ ಮಾತ್ರ. ಕತ್ತರಿಸಿ ಹಾಕಿದೆ.

ಬೋಸ್ಟನ್ ಒಂದನ್ನು ಕಿತ್ತಾಗ ಬೇರಿನಲ್ಲಿ ಗೋಲಿಯಂಥ ಗೆಡ್ಡೆಗಳು ಸಿಕ್ಕವು. ಇದೇನು, ರೋಗವಾ? ಆಮೇಲೆ ಗೊಬ್ಬರ ಯಾವುದು ಕೊಡಲಿ? ಆಸ್ಪರಾಗಸ್ ಫರ್ನ್ ಕೂಡ ಇಲ್ಲಿ ಹಾಕಬಹುದಾ? ಒಬ್ಬರು ಕೊಡುತ್ತೇನೆ ಅಂದಿದ್ದಾರೆ.


ತರಗೆಲೆ:

ರೋಗವಲ್ಲ. ಗೆಡ್ಡೆ ಇದ್ದರೆ ಅದು ಬೋಸ್ಟನ್ನೇ ಅಲ್ಲ, ಅದರ ದಾಯಾದಿ. ಬೋಸ್ಟನ್ ಅಂದರೆ ನೆಫ್ರೊಲೆಪಿಸ್ ಎಕ್ಸಾಲ್ಟಾಟಾ, ಅದಕ್ಕೆ ಗೆಡ್ಡೆ ಇರುವುದಿಲ್ಲ. ನಿಮ್ಮದು ನೆಫ್ರೊಲೆಪಿಸ್ ಕಾರ್ಡಿಫೋಲಿಯಾ. ಇವೆರಡನ್ನೂ ಒಂದೇ ಹೆಸರಲ್ಲಿ ಕೊಡುವುದು ತೀರಾ ಸಾಮಾನ್ಯ, ಮೇಲಿಂದ ನೋಡಿದರೆ ಹೇಳುವುದು ಕಷ್ಟ. ಆ ಗೆಡ್ಡೆಗಳಲ್ಲಿ ನೀರು ತುಂಬಿರುತ್ತದೆ, ಅದಕ್ಕೇ ಮರದ ಕೆಳಗೂ ಬದುಕಿದೆ. ಒಣ ನೆರಳಿಗೆ ಇದಕ್ಕಿಂತ ಗಟ್ಟಿ ಗಿಡ ಸಿಗುವುದು ಕಷ್ಟ. ಆದರೆ ನೆಲದಲ್ಲಿ ಬಿಟ್ಟರೆ ಉಳಿದ ಫರ್ನ್‌ಗಳನ್ನೆಲ್ಲ ನುಂಗುತ್ತದೆ. ಕೆಲವು ಪ್ರದೇಶಗಳಲ್ಲಿ ಇದನ್ನು ಕಾಡಿಗೆ ನುಗ್ಗಿದ ಕಳೆ ಅಂತಲೇ ಲೆಕ್ಕ ಹಾಕಿದ್ದಾರೆ. ಮರದ ಬುಡದ ಒಂದು ಮೂಲೆ ಅದಕ್ಕೇ ಬಿಟ್ಟು, ಸುತ್ತ ಆಳಕ್ಕೆ ಕಲ್ಲೋ ಹೆಂಚೋ ಹೂತು ಎಲ್ಲೆ ಕಟ್ಟಿ, ಕಿತ್ತ ಗೆಡ್ಡೆಗಳನ್ನು ಹಿತ್ತಿಲ ಆಚೆ ಎಸೆಯಬೇಡಿ.

ಗೊಬ್ಬರದ ವಿಷಯದಲ್ಲಿ ಕಡಿಮೆ ಆದರೆ ನಡೆಯುತ್ತದೆ, ಜಾಸ್ತಿ ಆದರೆ ನಡೆಯುವುದಿಲ್ಲ. ಫರ್ನ್ ಬೇರಿಗೆ ಉಪ್ಪಿನಂಶ ತಡೆಯದು, ಗರಿಯ ತುದಿ ಕಂದಾಗುವುದಕ್ಕೆ ಅದೂ ಒಂದು ಕಾರಣ. ಕುಂಡದಲ್ಲಿರುವ ಗಿಡಕ್ಕೆ ಹೊಸ ಗರಿ ಬರುವ ಕಾಲದಲ್ಲಿ ಮಾತ್ರ, ಪ್ಯಾಕೆಟ್ ಮೇಲೆ ಹೇಳಿದ್ದರ ಅರ್ಧ ಅಥವಾ ಕಾಲು ಭಾಗ ಕೊಡಿ, ಅದೂ ಮಣ್ಣು ಒದ್ದೆ ಇದ್ದಾಗ. ನೆಲದಲ್ಲಿರುವುದಕ್ಕೆ ಅದೂ ಬೇಡ. ಕೊಳೆತ ಎಲೆಗೊಬ್ಬರ ಎರಡು ಬೆರಳು ದಪ್ಪ ಹರಡಿ, ಸುಳಿಯ ಮೇಲೆ ಮಾತ್ರ ಬೀಳಬಾರದು. ಮರದಿಂದ ಬಿದ್ದ ಎಲೆಗಳನ್ನು ಗುಡಿಸಿ ಸುಡುತ್ತಿದ್ದರೆ ನಿಲ್ಲಿಸಿ, ಅದನ್ನೇ ಒಂದು ಮೂಲೆಯಲ್ಲಿ ರಾಶಿ ಹಾಕಿ ಒದ್ದೆ ಇಟ್ಟರೆ ಎಲೆಗೊಬ್ಬರ ಅಲ್ಲೇ ತಯಾರಾಗುತ್ತದೆ.

ಹೊಸದಾಗಿ ನೆಡುವಾಗ ಇನ್ನೊಂದು. ನಡುವೆ ಸುಳಿ ಇರುವ ಫರ್ನ್‌ನ ಸುಳಿ ಮಣ್ಣಿನ ಮಟ್ಟದಲ್ಲೇ ಇರಬೇಕು, ಹೂತರೆ ಕೊಳೆಯುತ್ತದೆ. ರ್ಯಾಬಿಟ್ಸ್ ಫೂಟ್ ಅಂತ ಬರುತ್ತದಲ್ಲ, ಕಾಂಡದ ಮೇಲೆಲ್ಲ ಕಂದು ರೋಮ, ಅದರ ಕಾಂಡವನ್ನಂತೂ ಮಣ್ಣಿನ ಮೇಲೇ ಹರಿಯಲು ಬಿಡಬೇಕು.

ಆಸ್ಪರಾಗಸ್ ಫರ್ನ್ ಹೆಸರಿಗಷ್ಟೇ ಫರ್ನ್. ಅದು ಸಣ್ಣ ಬಿಳಿ ಹೂ ಬಿಡುತ್ತದೆ, ಹಣ್ಣು ಕಟ್ಟುತ್ತದೆ, ಮುಳ್ಳೂ ಇದೆ. ಸ್ವಲ್ಪ ಜಾಸ್ತಿ ಬೆಳಕು ಬೇಕು, ಒಣ ಮಣ್ಣು ನಡೆಯುತ್ತದೆ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಯೋಚಿಸಿ, ಅದರ ಹಣ್ಣು ಅವಕ್ಕೆ ವಿಷ. ನಾನಾದರೆ ಬೇಡ ಅನ್ನುತ್ತೇನೆ.


ಮಂಜುಹನಿ:

ಬರ್ಡ್ಸ್ ನೆಸ್ಟ್ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಗಿಡ, ಮಳೆಯೆಲ್ಲ ಅದರ ಗೂಡಿಗೇ ಬೀಳುತ್ತದೆ ಅಲ್ವಾ? ಅಲ್ಲಿ ಕೊಳೆಯದ್ದು ನಮ್ಮ ಮನೆಯಲ್ಲಿ ಯಾಕೆ ಕೊಳೆಯುತ್ತದೆ? ಎಲೆ ಒದ್ದೆ ಮಾಡಬೇಡಿ ಅನ್ನುವುದು ಸ್ವಲ್ಪ ಅತಿ ಅನ್ನಿಸುತ್ತದೆ.


ಗೂಡುಗಿಡ:

ಒಳ್ಳೆಯ ಪ್ರಶ್ನೆ. ಮರದ ಮೇಲೆ ಅದರ ಬೇರು ಹಿಡಿದಿರುವುದು ತೊಗಟೆ ಮತ್ತು ಗೂಡಿನಲ್ಲಿ ಸೇರಿದ ಎಲೆಕಸ. ಮಳೆ ಬರುತ್ತದೆ, ಹೆಚ್ಚಾದ ನೀರು ಸೋರಿ ಹೋಗುತ್ತದೆ, ಸುತ್ತ ಗಾಳಿ ಆಡುತ್ತದೆ. ನಾವು ಅದನ್ನು ಅಂಟು ಮಣ್ಣಿನಲ್ಲಿ, ಗೋಡೆ ಮೂಲೆಯಲ್ಲಿ, ಗಾಳಿ ನಿಂತ ಕಡೆ ಇಟ್ಟು ಸುಳಿಗೆ ದಿನಾ ನೀರು ಸುರಿಯುತ್ತೇವೆ. ಎರಡೂ ಒಂದೇ ಅಲ್ಲ. ಮರದ ಕವಲಿನಲ್ಲೋ, ತೊಗಟೆ ಚೂರು, ಇದ್ದಿಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಹಗುರ ಮಿಶ್ರಣದಲ್ಲೋ ಗಾಳಿಗೆ ಇಟ್ಟವರು ಸುಳಿಗೆ ನೀರು ಹಾಕಿದರೆ ನಾನೇನೂ ಬೇಡ ಅನ್ನುವುದಿಲ್ಲ. ನೆಮಟೋಡ್ ಕಂಡ ಗಿಡಕ್ಕೆ ಮಾತ್ರ ಬೇಡವೇ ಬೇಡ.

ಅಂದ ಹಾಗೆ, ಬರ್ಡ್ಸ್ ನೆಸ್ಟ್ ದೊಡ್ಡದಾಯಿತು ಅಂತ ಸೀಳಿ ಎರಡು ಮಾಡಲು ಹೋಗಬೇಡಿ. ಒಂದೇ ಸುಳಿ, ಅದು ಹೋದರೆ ಗಿಡವೇ ಹೋಯಿತು. ಸುಳಿಯಿಂದ ಏಳುವ ಎಳೆ ಎಲೆಯನ್ನು ಮುಟ್ಟಬೇಡಿ, ಒರೆಸಬೇಡಿ. ಬಸವನಹುಳು ಮತ್ತು ಅದರ ಚಿಪ್ಪಿಲ್ಲದ ನೆಂಟ ಸ್ಲಗ್ ಬಂದು ಮೊದಲು ಕಚ್ಚುವುದೂ ಆ ಎಳೆ ಎಲೆಯನ್ನೇ, ರಾತ್ರಿ ಟಾರ್ಚ್ ಹಿಡಿದು ಹುಡುಕಿದರೆ ಸಿಗುತ್ತವೆ.


ಸುರುಳಿಚಿಗುರು:

ಚುಕ್ಕೆಗಳ ಮಾತು ಬಂತಲ್ಲ, ಅವನ್ನು ಬೆಳೆಸಿ ನೋಡಿ ಅಂತ ಹೇಳಲು ಬಂದೆ. ಬರ್ಡ್ಸ್ ನೆಸ್ಟ್‌ನಂಥ ಒಂಟಿ ಸುಳಿಯ ಗಿಡಕ್ಕೆ ಮನೆಯಲ್ಲಿ ಮರಿ ಮಾಡುವ ದಾರಿ ಇದೊಂದೇ. ನಿಜವಾದ ಬೋಸ್ಟನ್ ತಳಿಗಳಲ್ಲಿ ಹೆಚ್ಚಿನವಕ್ಕೆ ಇದು ನಡೆಯುವುದಿಲ್ಲ, ಅವುಗಳ ಬೀಜಾಣು ಬಂಜೆ. ಮೇಡನ್‌ಹೇರ್ ಸುಲಭ.

ಚುಕ್ಕೆ ಹಸಿರಿನಿಂದ ಕಂದಿಗೆ ತಿರುಗಿ, ಒಡೆಯುವ ಮುಂಚೆ ಗರಿಯ ತುಂಡೊಂದನ್ನು ಕತ್ತರಿಸಿ ಬಿಳಿ ಕಾಗದದ ಮಡಿಕೆಯೊಳಗೆ ಇಡಿ, ಗಾಳಿ ತಾಗದ ಒಣ ಜಾಗದಲ್ಲಿ. ಒಂದೆರಡು ದಿನದಲ್ಲಿ ಕಾಗದದ ಮೇಲೆ ಸಣ್ಣ ಪುಡಿ ಉದುರಿರುತ್ತದೆ. ಕಾಗದವನ್ನು ಓರೆ ಮಾಡಿ ಮೆಲ್ಲಗೆ ತಟ್ಟಿದರೆ ದಪ್ಪ ಹೊಟ್ಟು ಜಾರಿ ಬೀಳುತ್ತದೆ, ಬೀಜಾಣು ಅಂಟಿಕೊಂಡು ಉಳಿಯುತ್ತದೆ. ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ಕೊಕೊಪೀಟ್ ಹಾಕಿ, ಕುದಿಯುವ ನೀರು ಹೊಯ್ದು, ಮುಚ್ಚಿ ಆರಲು ಬಿಡಿ. ಇದನ್ನು ಬಿಟ್ಟರೆ ಪಾಚಿ, ಬೂಷ್ಟು ಎಲ್ಲ ಮೊದಲು ಬರುತ್ತವೆ. ಆಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಮುಚ್ಚಳ ಹಾಕಿ ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ.

ಮೊದಲು ಬರುವುದು ಫರ್ನ್ ಹಾಗೆ ಕಾಣುವುದೇ ಇಲ್ಲ. ಒಂದು ಸೆಂಟಿಮೀಟರ್‌ಗಿಂತ ಸಣ್ಣದಾದ, ಹೃದಯದ ಆಕಾರದ ಹಸಿರು ತಗಡುಗಳು. ಪಾಚಿ ಅಂತ ಕೆರೆದು ಎಸೆಯುವವರೇ ಜಾಸ್ತಿ. ಅದರ ಕೆಳಮೈಯಲ್ಲಿ ಗಂಡು ಹೆಣ್ಣು ಕೋಶಗಳು ಹುಟ್ಟುತ್ತವೆ, ಗಂಡು ಕೋಶ ನೀರಿನ ಪದರದಲ್ಲಿ ಈಜಿ ಹೆಣ್ಣು ಕೋಶವನ್ನು ತಲುಪಬೇಕು. ಹಾಗಾಗಿ ಈ ಹಂತದಲ್ಲಿ ಮಾತ್ರ, ಮಂಜುಹನಿ ಅವರಿಗೆ ಖುಷಿ ಆಗಲಿ, ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಚಿಮುಕಿಸಲೇಬೇಕು, ಕಾಯಿಸಿ ಆರಿಸಿದ ನೀರು. ಅದಾದ ಮೇಲೆ ತಗಡಿನ ನಡುವಿನಿಂದ ಪುಟ್ಟ ಗರಿ ಏಳುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಆತುರ ಇದ್ದವರು ಮೇಡನ್‌ಹೇರ್ ಬುಡವನ್ನು ಹೊಸ ಚಿಗುರು ಏಳುವ ಹೊತ್ತಿಗೆ ಚಾಕುವಿನಿಂದ ಭಾಗ ಮಾಡಿಕೊಳ್ಳಿ, ಪ್ರತಿ ತುಂಡಿನಲ್ಲೂ ಬೇರು, ಒಂದಾದರೂ ಚಿಗುರು ಇರಲಿ.

ಇನ್ನೊಂದು. ಹಳೆ ಗೋಡೆಯ ಗಾರೆಯಲ್ಲಿ ತಾನಾಗಿಯೇ ಹುಟ್ಟಿದ, ಏಣಿಯ ಹಾಗೆ ಉದ್ದ ಕಿರುಎಲೆಗಳಿರುವ ಫರ್ನ್ ಕಂಡರೆ ಅದು ಟೆರಿಸ್ ವಿಟಾಟಾ ಇರಬಹುದು. ಸುಣ್ಣ, ಬೆಳಕು ಎರಡೂ ಇದಕ್ಕೆ ಇಷ್ಟ. ಈ ಜರೀಗಿಡ ಮಣ್ಣಿನ ಆರ್ಸೆನಿಕ್ ವಿಷವನ್ನು ಹೀರಿ ಗರಿಗಳಲ್ಲಿ ಕೂಡಿಡುತ್ತದೆ ಅಂತ 2001ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಚಂದದ ಗಿಡವೇ, ಇಟ್ಟುಕೊಳ್ಳಿ, ಆದರೆ ಹಳೆ ರಾಸಾಯನಿಕ ಬಿದ್ದ ಜಾಗದಲ್ಲಿ ಬೆಳೆದದ್ದಾದರೆ ಕತ್ತರಿಸಿದ ಗರಿಗಳನ್ನು ತರಕಾರಿ ಮಡಿಯ ಗೊಬ್ಬರಕ್ಕೆ ಸೇರಿಸಬೇಡಿ.


ಹಸಿರಂಗಳ:

ಮೇಡನ್‌ಹೇರ್ ಬುಡ ಕತ್ತರಿಸಿ ಗೋಡೆ ಪಕ್ಕ ಹಾಕಿದೆ, ಗೆಡ್ಡೆಯ ಫರ್ನ್‌ಗೆ ಹಳೆ ಹೆಂಚು ಹೂತು ಎಲ್ಲೆ ಕಟ್ಟುತ್ತಿದ್ದೇನೆ. ಆಸ್ಪರಾಗಸ್ ಬೇಡ ಅಂದೆ. ಕೊನೆಯ ಪ್ರಶ್ನೆ, ಮರದ ಕಾಂಡಕ್ಕೇ ಸ್ಟ್ಯಾಗ್‌ಹಾರ್ನ್ ಫರ್ನ್ ಕಟ್ಟಿದರೆ ಮರಕ್ಕೆ ತೊಂದರೆಯಾ?


ಗೂಡುಗಿಡ:

ತೊಂದರೆ ಇಲ್ಲ, ಅದು ಬಂದಳಿಕೆಯ ಥರ ಮರದ ರಸ ಹೀರುವುದಿಲ್ಲ, ಅಂಟಿಕೊಳ್ಳಲು ಜಾಗ ಸಾಕು. ತಂತಿ ಬೇಡ, ಮರ ದಪ್ಪವಾದ ಹಾಗೆ ತೊಗಟೆಗೆ ಕಚ್ಚುತ್ತದೆ. ಹಳೆ ಬಟ್ಟೆಯ ಪಟ್ಟಿಯಲ್ಲಿ ಕಟ್ಟಿ, ಬೇರಿನ ಹಿಂದೆ ಒಂದು ಹಿಡಿ ತೆಂಗಿನ ನಾರು ಇಡಿ. ಮೇಲಿನ ಜಿಂಕೆ ಕೊಂಬಿನಂಥ ಎಲೆಗಳಲ್ಲದೆ ಬುಡದಲ್ಲಿ ಗುರಾಣಿಯಂತೆ ಮರಕ್ಕೆ ಅಂಟುವ ಎಲೆಗಳು ಬರುತ್ತವೆ, ಅವು ಕಂದಾಗುವುದು ಸಹಜ. ಒಣಗಿದೆ ಅಂತ ಅವನ್ನು ಕೀಳಬೇಡಿ, ನೀರು ಮತ್ತು ಎಲೆಕಸ ಹಿಡಿದಿಟ್ಟು ಗಿಡ ಸಾಕುವುದು ಅವೇ. ಬಿಸಿಲಿನ ದಿನಗಳಲ್ಲಿ ಆ ಗುರಾಣಿಯ ಹಿಂದಕ್ಕೆ ನೀರು ಹಾಕಿ.